ನನ್ನ ಕೈಗೆ ಬಂದ ವೀಳ್ಯ

ಗಾನವಿ, ಲಿಖಿತ್,

ಹಬ್ಬಕ್ಕೆ ಬಂದಾಗ ನೀವಿಬ್ಬರೂ ನನ್ನನ್ನು ಒಂದು ಮಾತು ಕೇಳಿದಿರಿ. ಅಜ್ಜಿ, ನಿನ್ನ ಕೆಲಸ ಹೋಯಿತಂತಲ್ಲ, ಮತ್ತೆ ಬೆಳಗ್ಗೆ ಎದ್ದು ಬಸ್ಸು ಹತ್ತಿ ಎಲ್ಲಿಗೆ ಹೋಗುತ್ತೀಯ ಎಂದು. ನಡುಮನೆ ತುಂಬ ನೆಂಟರು ಕೂತಿದ್ದರು. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ, ನಿಮಗೇ ಗೊತ್ತು. ಒಲೆ ನೋಡುವ ನೆಪದಲ್ಲಿ ಎದ್ದು ಹೋದೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನ ಕೆಲಸ ಕ್ಷಯ ಬಂದವರಿಗೆ ಮಾತ್ರೆ ನುಂಗಿಸುವುದು. ಎಚ್.ಡಿ. ಕೋಟೆ ದಾಟಿ, ಬೀಚನಹಳ್ಳಿ ಅಣೆಕಟ್ಟೆಯ ಹಿನ್ನೀರಿನ ಕಡೆಗೆ ಹೋದರೆ ಕಾಡಂಚಿನಲ್ಲಿ ಆದಿವಾಸಿಗಳ ಹಾಡಿಗಳಿವೆ. ಅದರಲ್ಲಿ ಎರಡು ಹಾಡಿ ನನಗೆ ಸೇರಿದ್ದವು. ಮಾತ್ರೆ ನಮ್ಮ ಸರ್ಕಾರದ್ದು, ಆಸ್ಪತ್ರೆಯಲ್ಲಿ ಧರ್ಮಕ್ಕೆ ಸಿಗುತ್ತದೆ. ಆದರೆ ರೋಗಿಗಳನ್ನು ಮೈಸೂರಿಗೆ ಕರೆದೊಯ್ಯುವ ಜೀಪು, ತಿಂಗಳಿಗೊಮ್ಮೆ ಕೊಡುವ ರಾಗಿ, ಹೆಸರುಕಾಳು, ಕಡಲೆಬೀಜ, ಎಣ್ಣೆಯ ಚೀಲ, ನನ್ನಂಥ ಹೆಂಗಸರ ಸಂಬಳ, ಇದೆಲ್ಲ ಸಮುದ್ರದಾಚೆಯ ಒಂದು ದೇಶದ ಸರ್ಕಾರ ಕೊಡುತ್ತಿದ್ದ ನೆರವು. ಆ ದೇಶದ ಹೆಸರು ಬರೆಯುವುದಿಲ್ಲ. ಅಲ್ಲೂ ನನ್ನಂಥ ಅಜ್ಜಿಯರು ಇರುತ್ತಾರೆ. ಅವರಿಗೆ ಇದೊಂದೂ ಗೊತ್ತಿರಲಿಕ್ಕಿಲ್ಲ.

ನುಂಗಿಸುವುದು ಎಂದರೆ ಬರೀ ಕೈಗೆ ಕೊಟ್ಟು ಬರುವುದಲ್ಲ. ಮೊದಲು ಏನು ಉಂಡೆ ಎಂದು ಕೇಳಬೇಕು. ವಾಂತಿ ಬಂತೇ, ಪಾದ ಜುಮ್ಮೆನ್ನುತ್ತದೆಯೇ, ಕಣ್ಣು ಮಂಜಾಗಿದೆಯೇ ಎಂದು ವಿಚಾರಿಸಬೇಕು. ನಮ್ಮೆದುರಿಗೇ ಮಾತ್ರೆ ಬಿಡಿಸಿ, ನೀರು ಕೊಟ್ಟು, ನುಂಗಿದ ಮೇಲೆ ನಾಲಿಗೆ ಎತ್ತಿಸಿ ನೋಡಬೇಕು. ನಾವು ನೋಡದೆ ಯಾರೂ ನುಂಗಬಾರದು ಎನ್ನುವುದು ಕಾರ್ಯಕ್ರಮದ ಕಟ್ಟಳೆ. ಅದಕ್ಕೆ ಕಾರಣವಿತ್ತು. ಹಿಂದೆ ಒಬ್ಬ ಮುದುಕ ಬೇಗ ವಾಸಿಯಾಗಲಿ ಎಂದು ವಾರದ ಮಾತ್ರೆಯನ್ನು ಒಟ್ಟಿಗೇ ನುಂಗಿದ್ದ. ಇನ್ನೊಬ್ಬಳು ತನಗೆ ಬಂದ ಮಾತ್ರೆಯನ್ನು ಕೆಮ್ಮುತ್ತಿದ್ದ ತಂಗಿಗೂ ಹಂಚಿದ್ದಳು. ಹಾಗಾಗಿ ಆ ಮಾತನ್ನು ನಾವು ಮನೆಮನೆಯಲ್ಲೂ ಸಾರಿ ಸಾರಿ ಹೇಳಿದ್ದೆವು. ನನಗೆ ಜ್ವರ ಬಂದ ದಿನ ಇನ್ನೊಬ್ಬಳು ಹೋಗುತ್ತಿದ್ದಳೇ ಹೊರತು, ಯಾರೂ ಹೋಗದ ದಿನ ಇರಲಿಲ್ಲ.

ನನ್ನ ರೋಗಿಗಳಲ್ಲಿ ಒಬ್ಬ ಸಣ್ಣ ವಯಸ್ಸಿನ ಹೆಂಗಸಿದ್ದಳು. ನಿಮ್ಮ ಅತ್ತೆಗಿಂತ ಚಿಕ್ಕವಳು, ಆಗತಾನೇ ನಡೆಯಲು ಕಲಿತ ಹೆಣ್ಣು ಕೂಸಿನ ತಾಯಿ. ಹಾಡಿಯಲ್ಲಿ ಎಲ್ಲರೂ ಅವಳನ್ನು ಸೊಸೆ ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಅವಳ ಕ್ಷಯ ಮಾಮೂಲಿ ಮಾತ್ರೆಗೆ ಬಗ್ಗಲಿಲ್ಲ. ಮೈಸೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಬೇರೆ ಮಾತ್ರೆ ಕೊಟ್ಟರು. ಅದು ಕೆಲವರಿಗೆ ಗುಂಡಿಗೆಯ ಬಡಿತ ಏರುಪೇರು ಮಾಡುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಜೀಪಿನಲ್ಲಿ ಕರೆದುಕೊಂಡು ಹೋಗಿ ಇಸಿಜಿ ತೆಗೆಸಬೇಕಿತ್ತು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ನೆನಪಿದೆ. ನಡುವೆ ಬಿಟ್ಟರೆ ರೋಗ ಈ ಮಾತ್ರೆಯನ್ನೂ ಅರಗಿಸಿಕೊಳ್ಳುತ್ತದೆ, ಇದೂ ಹೋದರೆ ನಮ್ಮ ಕೈಯಲ್ಲಿ ಹೆಚ್ಚಿನದೇನೂ ಇಲ್ಲ ಎಂದರು.

ಈಗ ವೀಳ್ಯದ ವಿಷಯಕ್ಕೆ ಬರುತ್ತೇನೆ.

ಕೆಲಸ ನಿಲ್ಲುವುದಕ್ಕೆ ಹಿಂದಿನ ಮಳೆಗಾಲದಲ್ಲಿ ಆ ದೇಶದಿಂದ ಒಬ್ಬ ಮೇಡಂ ಹಾಡಿಗೆ ಬಂದಿದ್ದರು. ಹೆಚ್ಚುಕಡಿಮೆ ನನ್ನದೇ ವಯಸ್ಸು, ಬಿಳಿ ಕೂದಲು. ಕೆಸರಿನಲ್ಲಿ ಕಾಲಿಟ್ಟುಕೊಂಡೇ ಮನೆಮನೆಗೆ ಬಂದರು. ಕೊನೆಗೆ ಮರದ ಕೆಳಗೆ ಎಲ್ಲರನ್ನೂ ಕೂರಿಸಿ ಮಾತಾಡಿದರು. ಅವರ ಇಂಗ್ಲಿಷನ್ನು ನಮ್ಮ ಕಚೇರಿಯ ಸಂಯೋಜಕ ಕನ್ನಡಕ್ಕೆ ತಂದ. ಬೆಂಗಳೂರು ಕಡೆ ಓದಿದ ಹುಡುಗ, ಒಳ್ಳೆಯವನು, ಆದರೆ ಅವನ ಕನ್ನಡ ರೇಡಿಯೋ ಕನ್ನಡ. ಮೇಡಂ ಮಾತಾಗಿ, ನಮ್ಮ ಸರ್ಕಾರವು ಕ್ಷಯಮುಕ್ತಿಗೆ ಬದ್ಧವಾಗಿದೆ ಎಂದ. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ನೀವೇ ಹೇಳಿಬಿಡಿ ಅಮ್ಮ ಎಂದು ನನ್ನನ್ನು ಮುಂದಕ್ಕೆ ತಳ್ಳಿದ. ನೆಲ ನೋಡಿಕೊಂಡೇ ಹೇಳಿದೆ.

"ಕಾಯ್ಲೆ ವಾಸಿಯಾಗಗಂಟ ನಿಮ್ ಕೈ ಬುಡಕ್ಕಿಲ್ಲ ಅಂತಾವ್ರೆ."

ಹಾಡಿಯ ಯಜಮಾನ ಎದ್ದು ಬಂದ. ವಯಸ್ಸಾದವನು, ಮಾತು ಕಡಿಮೆ. ಎರಡು ಎಲೆ, ಒಂದು ಇಡೀ ಅಡಿಕೆಯನ್ನು ಮೇಡಂ ಕೈಗೆ ಇಟ್ಟ. ನಮ್ಮ ಕಡೆ ಮಾತು ಕಟ್ಟುವುದು ಹಾಗೇ ಅಲ್ಲವೇ. ಹೆಣ್ಣು ಕೊಡುವುದಿರಲಿ, ಜಗಳ ತೀರುವುದಿರಲಿ, ಎಲೆ ಹಿಡಿದರೆ ಮಾತು ಹಿಡಿದಂತೆ. ಮೇಡಂಗೆ ಅದು ತಿಳಿಯದು. ಎರಡೂ ಕೈಯಲ್ಲಿ ಹಿಡಿದು ನಕ್ಕರು. ಆಮೇಲೆ ಎಲ್ಲರಿಗೂ ಕೈ ಮುಗಿಯಬೇಕಲ್ಲ, ಪಕ್ಕದಲ್ಲಿ ನಿಂತಿದ್ದ ನನ್ನ ಕೈಗೆ ಅದನ್ನು ದಾಟಿಸಿದರು. ಚೀಲ ಹಿಡಿದುಕೋ ಎನ್ನುತ್ತೇವಲ್ಲ, ಹಾಗೆ.

ನಿಮ್ಮ ತಾತ ಹೋದ ಮೇಲೆ ಯಾರೂ ನನ್ನ ಕೈಗೆ ವೀಳ್ಯ ಕೊಟ್ಟಿರಲಿಲ್ಲ. ಮದುವೆಮನೆಗಳಲ್ಲಿ ತಟ್ಟೆ ನನ್ನ ಮುಂದೆ ಬಂದಾಗ ಪಕ್ಕದವರ ಕಡೆಗೆ ತಿರುಗುತ್ತದೆ. ನಾನೂ ಮೊದಲೇ ಮುಖ ಆ ಕಡೆ ಮಾಡಿಕೊಂಡಿರುತ್ತೇನೆ. ಅವತ್ತು ಎಲ್ಲರೂ ನೋಡುತ್ತಿರುವಾಗ ಅದು ನನ್ನ ಕೈಯಲ್ಲಿತ್ತು. ಯಾರಿಗೆ ವಾಪಸ್ಸು ಕೊಡುವುದೆಂದು ತಿಳಿಯದೆ ಸೆರಗಿನ ಗಂಟಿಗೆ ಕಟ್ಟಿಕೊಂಡೆ. ಮನೆಗೆ ಬಂದು ದೇವರ ಗೂಡಿನಲ್ಲಿಟ್ಟೆ. ಎಲೆ ಒಣಗಿ ಪುಡಿಯಾಯಿತು. ಅಡಿಕೆ ಉಳಿಯಿತು.

ಸಂಕ್ರಾಂತಿ ಕಳೆದ ಮೇಲೆ ಫೋನಿಗೆ ಆ ಆದೇಶ ಬಂತು. ಬಸ್ಸಿನಲ್ಲಿದ್ದೆ, ಎಚ್.ಡಿ. ಕೋಟೆಯಲ್ಲಿ ಇನ್ನೂ ಇಳಿದಿರಲಿಲ್ಲ. ಎಲ್ಲ ಕೆಲಸ ಇಂದಿನಿಂದ ನಿಲ್ಲಿಸಬೇಕು, ರೋಗಿಗಳ ಮನೆಗೆ ಹೋಗಬಾರದು, ಫೋನೂ ಮಾಡಬಾರದು, ಗುರುತಿನ ಚೀಟಿ ಮತ್ತು ಚೀಲ ವಾಪಸ್ಸು ಕೊಡಬೇಕು ಎಂದಿತ್ತು. ಕಚೇರಿಗೆ ಹೋದೆ. ಜೀಪಿನ ಬಾಗಿಲ ಮೇಲಿದ್ದ ಆ ದೇಶದ ಗುರುತನ್ನು ಡ್ರೈವರ್ ಬ್ಲೇಡಿನಿಂದ ಕೆರೆಯುತ್ತಿದ್ದ. ಒಳಗೆ ಹಂಚಬೇಕಿದ್ದ ಆಹಾರದ ಚೀಲಗಳು ಸಾಲಾಗಿದ್ದವು. ಅವನ್ನೂ ಮುಟ್ಟುವಂತಿಲ್ಲವಂತೆ. ಆ ದೇಶದಲ್ಲಿ ಸರ್ಕಾರ ಬದಲಾಗಿದೆ, ಹೊರದೇಶಗಳಿಗೆ ಕೊಡುವ ನೆರವನ್ನೆಲ್ಲ ತಡೆಹಿಡಿದಿದ್ದಾರೆ ಎಂದು ಸಂಯೋಜಕ ಹೇಳಿದ. ಮಾತು ಕೊಟ್ಟಿದ್ದರಲ್ಲಪ್ಪ ಎಂದೆ.

"ಕೊಟ್ಟಿದ್ದ ಮೇಡಮ್ಮನ ಕೆಲಸಾನೂ ಹೋಗಿದೆ ಅಮ್ಮ. ನಾನೂ ನಾಳೆಯಿಂದ ಮನೆಗೆ," ಎಂದು ಆ ಕಡೆ ತಿರುಗಿ ಕೂತ.

ರೋಗಿಗಳ ಗತಿ ಕೇಳಲು ಸರ್ಕಾರಿ ಆಸ್ಪತ್ರೆಯ ಕ್ಷಯ ವಿಭಾಗದ ಮೇಲ್ವಿಚಾರಕರ ಹತ್ತಿರ ಹೋದೆ. ಇಡೀ ತಾಲ್ಲೂಕಿಗೆ ಅವರು, ಅವರ ಬೈಕು. ಆದರೂ ಕೂರಿಸಿ ಮಾತಾಡಿದರು. ಮಾತ್ರೆ ಮನೆಯಲ್ಲೇ ಇದೆಯಲ್ಲ ಅಮ್ಮ, ತಿಂಗಳಿಗಾಗುವಷ್ಟು ಕೊಟ್ಟಿದ್ದೇವೆ, ಅಷ್ಟರಲ್ಲಿ ನಾನು ಒಂದು ಸುತ್ತು ಬರುತ್ತೇನೆ ಎಂದರು. ಸರಿಯೆನಿಸಿತು. ಮಾತ್ರೆ ಇದೆ, ನೀರಿದೆ, ಬಾಯಿದೆ. ಆದೇಶ ಮೀರಿ ಹೋದವರನ್ನು ಮತ್ತೆ ಕೆಲಸ ಶುರುವಾದಾಗ ಕರೆಯುವುದಿಲ್ಲ ಎಂಬ ಮಾತೂ ಕಿವಿಗೆ ಬಿದ್ದಿತ್ತು. ಮನೆಯಲ್ಲೇ ಉಳಿದೆ. ಬೆಳಗ್ಗೆ ಬಸ್ಸಿನ ಸದ್ದು ಕೇಳಿದಾಗಲೆಲ್ಲ ಎದ್ದು ಬಾಗಿಲಿಗೆ ಬಂದು, ಮತ್ತೆ ಒಳಗೆ ಹೋಗುತ್ತಿದ್ದೆ.

ವಾರ ಕಳೆದು ಎರಡನೆಯದು ತುಂಬುವ ಹೊತ್ತಿಗೆ ತಡೆಯಲಾಗಲಿಲ್ಲ. ಚೀಲವಿಲ್ಲದೆ, ಚೀಟಿಯಿಲ್ಲದೆ, ನೆಂಟರ ಮನೆಗೆ ಹೋಗುವವಳ ಹಾಗೆ ಹೊರಟೆ. ಅಣೆಕಟ್ಟೆ ದಾಟಿ ಇಳಿದು ನಡೆಯುತ್ತಿದ್ದರೆ, ಹುಲಿ ತೋರಿಸುವ ರೆಸಾರ್ಟಿನ ತೆರೆದ ಜೀಪುಗಳು ಧೂಳೆಬ್ಬಿಸಿ ಹೋದವು. ಬಿಳಿಯ ಜನ ಕೈ ಬೀಸಿದರು. ನಾನೂ ಬೀಸಿದೆ.

ಸೊಸೆಯ ಮನೆಯಲ್ಲಿ ಅವಳ ಅತ್ತೆ ಒಬ್ಬಳೇ ಇದ್ದಳು. ನನ್ನನ್ನು ಕಂಡವಳೇ ನಗುತ್ತ, ತೊಲೆಗೆ ನೇತುಹಾಕಿದ್ದ ತಗಡಿನ ಡಬ್ಬಿ ಇಳಿಸಿದಳು. ಇಲಿ ಮುಟ್ಟದ ಹಾಗೆ ಬಟ್ಟೆ ಸುತ್ತಿದ್ದಳು. ಮುಚ್ಚಳ ತೆಗೆದೆ. ನಾನು ಕೊನೆಗೆ ಬಂದ ದಿನ ಎಲ್ಲಿ ಬಿಡಿಸಿದ್ದೆನೋ ಅಲ್ಲಿಂದ ಮುಂದೆ ಒಂದು ಮಾತ್ರೆಯೂ ಕದಲಿರಲಿಲ್ಲ.

ಡಬ್ಬಿಯನ್ನು ಅವಳ ಕಡೆ ತಿರುಗಿಸಿ ತೋರಿಸಿದೆ. ಅವಳೇ ಹೇಳಿದಳು.

"ನೀವ್ ಬರ್ನಿಲ್ವಲ್ಲ. ನೀವ್ ನೋಡ್ದೆ ನುಂಗ್ಬಾರ್ದು ಅಂದಿದ್ರಿ. ಒಂದೂ ಮುಟ್ನಿಲ್ಲ ಕಣವ್ವ, ಅಂಗೇ ಮಡ್ಗಿವ್ನಿ."

ಅವಳ ದನಿಯಲ್ಲಿ ನನ್ನ ಮಾತು ಉಳಿಸಿದ ಹೆಮ್ಮೆಯಿತ್ತು. ಮುರಿಯಬಾರದ ಕಟ್ಟಳೆಯನ್ನು ಮುರಿಯದೆ ಕಾದಿದ್ದರು. ಕೆಲಸ ನಿಲ್ಲಿಸಿ ಎಂದು ದೂರದ ಕಚೇರಿಯಲ್ಲಿ ಬರೆದವರಿಗೆ ಇದು ಹೊಳೆಯಲು ಸಾಧ್ಯವೇ ಇರಲಿಲ್ಲ. ಮೇಲ್ವಿಚಾರಕರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅಕ್ಕಪಕ್ಕದ ಮನೆಗಳ ಡಬ್ಬಿಯನ್ನೂ ತೆಗೆಸಿ ನೋಡಿದೆ. ಅಲ್ಲೂ ಹಾಗೇ. ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಸೊಸೆ ಎಲ್ಲಿ ಎಂದೆ. ಆಹಾರದ ಚೀಲ ಬರಲಿಲ್ಲವೆಂದು ಗಂಡ, ಹೆಂಡತಿ, ಕೂಸು ಮೂವರೂ ಶುಂಠಿ ಕೀಳುವ ಗುಂಪಿನೊಂದಿಗೆ ಹೋಗಿದ್ದರು. ಪಿರಿಯಾಪಟ್ಟಣದ ಕಡೆಗೆ, ಬೆಟ್ಟದಪುರದ ಹತ್ತಿರ ಎಲ್ಲೋ, ಇನ್ನೇನೂ ಗೊತ್ತಿಲ್ಲ ಎಂದಳು ಅತ್ತೆ. ಡಬ್ಬಿಯನ್ನು ಯಾಕೆ ಕೊಟ್ಟು ಕಳಿಸಲಿಲ್ಲ ಎಂದರೆ, ಅದು ನಿಮ್ಮದಲ್ಲವಾ ಎಂದಳು.

ಅಷ್ಟರಲ್ಲಿ ಯಜಮಾನ ಬಂದು ನಿಂತಿದ್ದ. ಆದದ್ದನ್ನು ಹೇಳಿದೆ. ಆ ದೇಶದವರು ನಿಲ್ಲಿಸಿಬಿಟ್ಟರು, ಜೀಪಿಲ್ಲ, ನನಗೂ ಕೆಲಸವಿಲ್ಲ, ಬರಬಾರದೆಂದು ಹೇಳಿದ್ದಾರೆ, ಕದ್ದು ಬಂದಿದ್ದೇನೆ ಎಂದೆ. ಎಲ್ಲವನ್ನೂ ಕೇಳಿಸಿಕೊಂಡ. ಸಿಟ್ಟು ಮಾಡಲಿಲ್ಲ. ತಿಳಿಯದವರಿಗೆ ತಿಳಿಸುವ ಹಾಗೆ ಮೆಲ್ಲಗೆ ಹೇಳಿದ.

"ಆ ದೇಸ ನಾವ್ ಕಂಡಿಲ್ಲ ಕಣವ್ವ. ಮಾತಾಡಿದ್ದು ನಿಮ್ ಬಾಯಿ. ಎಲೆ ಇಡ್ಕಂಡಿದ್ದು ನಿಮ್ ಕೈ."

ಮೊದಲು ಉಳಿದ ಮನೆಗಳಿಗೆ ಹೋದೆ. ಅವರದು ಮಾಮೂಲಿ ಕ್ಷಯ. ಇಂಥದ್ದು ಆಗಿದೆ ಎಂದು ಮೇಲ್ವಿಚಾರಕರಿಗೆ ಅಲ್ಲಿಂದಲೇ ಫೋನು ಮಾಡಿದೆ. ಇಂದೇ ಹೊರಟೆ, ಎರಡೂ ಹಾಡಿ ನೋಡುತ್ತೇನೆ ಎಂದರು. ಬಂದರು ಕೂಡ. ಸೊಸೆಯ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಾನು ಹುಣಸೂರಿನ ಬಸ್ಸು ಹತ್ತಿದೆ.

ಮಾರನೆಯ ದಿನ ಪಿರಿಯಾಪಟ್ಟಣ, ಅಲ್ಲಿಂದ ಬೆಟ್ಟದಪುರ. ಶುಂಠಿ ಹೊಲವೆಂದರೆ ಒಂದೆರಡೇ? ಕೇರಳದವರು ಗುತ್ತಿಗೆಗೆ ಹಿಡಿದು ಬೆಳೆದ ಹೊಲಗಳು ಬೆಟ್ಟದ ಬುಡದಿಂದ ಕಣ್ಣು ಹರಿಯುವಷ್ಟು ದೂರಕ್ಕೂ ಇದ್ದವು. ಒಬ್ಬರ ಹತ್ತಿರ ಹೋಗಿ ಕೇಳಲು ನನಗೆ ಎಷ್ಟು ಹೊತ್ತು ಬೇಕೆಂದು ನಿಮಗೆ ಗೊತ್ತು. ಅವತ್ತು ಕಂಡಕಂಡವರನ್ನೆಲ್ಲ ಕೇಳಿದೆ. ಯಾರಾದರೂ ಏನು ಕೆಲಸವೆಂದರೆ, ಮಗಳು ಮುನಿಸಿಕೊಂಡು ಬಂದಿದ್ದಾಳೆ ಎಂದೆ. ಕ್ಷಯದ ಹೆಸರೆತ್ತಿದರೆ ಅವಳನ್ನು ಗುಂಪಿನಿಂದ ಓಡಿಸುತ್ತಾರೆ. ಓಡಿಸಿದರೆ ಇನ್ನೆಲ್ಲಿ ಹುಡುಕಲಿ? ಹೊತ್ತು ಇಳಿಯುವಾಗ ಖಾಲಿಯಾದ ಒಂದು ಹೊಲ ಸಿಕ್ಕಿತು. ಕಾವಲಿಗಿದ್ದ ಮಲಯಾಳಿ ಮೂಟೆಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಸಣಕಲು ಹುಡುಗಿ, ಸೊಂಟದಲ್ಲಿ ಕೂಸು ಎಂದಾಗ ಅವನಿಗೆ ನೆನಪಾಯಿತು.

"ಆ ಟೀಮು ಪೋಯಿ ಚೇಚಿ. ಕೆ.ಆರ್. ನಗರ, ಕಾಲುವೆ ಹತ್ರ. ಆ ಹುಡುಗಿಗೆ ಸುಖ ಇಲ್ಲ."

ಗುಂಪು ಹೋಯಿತು, ಅವಳಿಗೆ ಮೈ ಸರಿಯಿಲ್ಲ ಎನ್ನುತ್ತಿದ್ದ. ಅವನು ಹೇಳಿದ ಗುರುತು ಹಿಡಿದು ಮರುದಿನ ಬೆಳಗ್ಗೆ ಕೆ.ಆರ್. ನಗರಕ್ಕೆ ಹೋದೆ. ಕಾಲುವೆ ಏರಿಯ ಮೇಲೆ ನಡೆಯುತ್ತ ನಡೆಯುತ್ತ, ಕಣ್ಣಿಗೆ ಕಾಣುವ ಮೊದಲು ಅವಳ ಕೆಮ್ಮು ಕೇಳಿದೆ. ಅದು ಒಣಕೆಮ್ಮಲ್ಲ. ಎದೆಯ ತಳದಿಂದ ಕಿತ್ತು ಬರುವ ಕೆಮ್ಮು. ಅದು ನಿಂತು ಎರಡು ತಿಂಗಳಾಗಿತ್ತು. ಮತ್ತೆ ಬಂದಿತ್ತು.

ಅವಳು ಶುಂಠಿಯ ಮಣ್ಣು ಬಿಡಿಸುತ್ತ ಕೂತಿದ್ದಳು. ಕೆನ್ನೆಯ ಮೂಳೆ ಎದ್ದಿತ್ತು. ನನ್ನನ್ನು ಕಂಡು ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಎದ್ದು ಬಂದಳು. ಬದುವಿನ ಮರೆಗೆ ಕರೆದುಕೊಂಡು ಹೋದೆ. ಸೆರಗಿನ ಗಂಟು ಬಿಚ್ಚಿ ಡಬ್ಬಿ ತೆಗೆದದ್ದೇ ತಡ, ಅಭ್ಯಾಸವಾಗಿತ್ತಲ್ಲ, ಕೂತು ಬಾಯಿ ತೆರೆದಳು.

ಮಕ್ಕಳೇ, ನಾನು ಕೊಡಲಿಲ್ಲ. ಮೂರು ದಿನ ಅದೇ ಮಾತ್ರೆಯನ್ನು ಹೊತ್ತು ತಿರುಗಿದವಳು, ಅವಳು ಬಾಯಿ ತೆರೆದು ಕೂತಾಗ ಕೊಡಲಿಲ್ಲ. ಇಷ್ಟು ದಿನ ಬಿಟ್ಟ ಮೇಲೆ ಆ ಮಾತ್ರೆಯನ್ನು ಸುಮ್ಮನೆ ಮುಂದುವರಿಸುವಂತಿಲ್ಲ. ಕಫ ಪರೀಕ್ಷೆಯಾಗಬೇಕು, ಇಸಿಜಿ ನೋಡಬೇಕು, ಡಾಕ್ಟರು ಹೇಳಬೇಕು. ತರಬೇತಿಯಲ್ಲಿ ಹೇಳಿದ್ದು ನೆನಪಿತ್ತು. ಆದರೂ ಮೇಲ್ವಿಚಾರಕರಿಗೆ ಫೋನು ಮಾಡಿ ಕೇಳಿದೆ. ಕೊಡಬೇಡಿ ಅಮ್ಮ, ಮೈಸೂರಿಗೆ ಹೋಗಲೇಬೇಕು, ಗಾಡಿಗೆ ಬರೆದು ಹಾಕುತ್ತೇನೆ, ಎರಡು ಮೂರು ದಿನ ಹಿಡಿಯುತ್ತದೆ ಎಂದರು. ಬಾಯಿ ಮುಚ್ಚಿಕೋ ತಾಯಿ ಎಂದೆ. ಅವಳು ಮುಚ್ಚಿಕೊಂಡು ನನ್ನನ್ನೇ ನೋಡಿದಳು. ಅವಳು ಏನಂದುಕೊಂಡಳೋ.

ಗಂಡ ಬಂದ. ಇದೇ ಸಂಜೆ ಗುಂಪು ಹಾಸನದ ಕಡೆಗೆ ಹೊರಡುತ್ತದೆ ಎಂದ. ಎರಡು ಮೂರು ದಿನ ಎಲ್ಲಿತ್ತು? ಈಗಲೇ ಬಸ್ಸಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅವನು ಬುದ್ಧಿ ಕೆಟ್ಟವಳನ್ನು ನೋಡುವಂತೆ ನನ್ನನ್ನು ನೋಡಿದ.

"ಜೀಪ್ ಇಲ್ಲ, ಚೀಟಿ ಇಲ್ಲ, ನಿಮ್ ಮಾತ್ನ ಅಲ್ಲಿ ಯಾರ್ ಕೇಳಾರು? ಕೆಲ್ಸ ಬುಟ್ರೆ ಈ ಕೂಸ್ಗೆ ಕೂಳ್ ಆಕೋರ್ ಯಾರು, ಆ ನಿಮ್ ದೇಸ್ದೋರಾ?"

ನ್ಯಾಯವಾದ ಮಾತು. ನನ್ನ ದೇಶದವರು ಎಂದು ನನಗೆ ಯಾರೂ ಇರಲಿಲ್ಲ. ಬಿಸಿಲು ಏರುತ್ತಿತ್ತು. ಗುಂಪಿನ ಮೇಸ್ತ್ರಿ ಆ ಕಡೆಯಿಂದ ಎರಡು ಸಲ ಕೂಗಿದ. ಆಗ ಸೊಸೆ ಕೂಸನ್ನು ಸೊಂಟಕ್ಕೇರಿಸಿಕೊಂಡಳು.

"ಎಲೆ ಇಡ್ಕಂಡೋರು ಬಂದವ್ರೆ. ನಾನ್ ಓಯ್ತೀನಿ," ಎಂದಳು ಗಂಡನಿಗೆ. ಅಷ್ಟೇ.

ಅವನು ನಮ್ಮ ಜೊತೆ ಬರಲಿಲ್ಲ. ಗುಂಪಿನೊಂದಿಗೆ ಹೋದ. ಬಸ್ಸಿನಲ್ಲಿ ಅವಳ ಮೂಗು ಬಾಯಿಗೆ ನನ್ನ ಒಗೆದ ಟವಲು ಕಟ್ಟಿ, ಹಿಂದಿನ ಸೀಟಿನ ಕಿಟಕಿಗೆ ಕೂರಿಸಿ, ಗಾಜು ಪೂರ್ತಿ ತೆಗೆಸಿದೆ. ಕೂಸನ್ನು ನಾನು ಎತ್ತಿಕೊಂಡು ಮುಂದೆ ಕೂತೆ. ಅದು ದಾರಿಯುದ್ದಕ್ಕೂ ಹಿಂದಕ್ಕೆ ತಿರುಗಿ ಅತ್ತಿತು. ಗಾಳಿ ಬರುತ್ತದೆ, ಗಾಜು ಹಾಕಿ ಎಂದು ಜನ ಬೈದರು. ಬೈಸಿಕೊಂಡೆ, ಹಾಕಲು ಬಿಡಲಿಲ್ಲ.

ಆಸ್ಪತ್ರೆಯಲ್ಲಿ, ನೀವು ಇವಳಿಗೆ ಏನಾಗಬೇಕು ಎಂದು ಕೇಳಿದರು. ಮೊದಲಾಗಿದ್ದರೆ ಕೊರಳಿನ ಚೀಟಿ ತೋರಿಸುತ್ತಿದ್ದೆ. ಚಿಕ್ಕಮ್ಮ ಎಂದೆ. ಆ ಡಾಕ್ಟರಮ್ಮ ಬರುವವರೆಗೂ ಕಾದೆವು. ಅವರು ಡಬ್ಬಿ ತೆರೆದು, ಬಿಡಿಸದ ಮಾತ್ರೆ ನೋಡಿ, ಕಣ್ಣು ಮುಚ್ಚಿ ತೆರೆದರು. ಯಾರನ್ನೂ ಬಯ್ಯಲಿಲ್ಲ. ಇಸಿಜಿ ಆಯಿತು, ಎದೆಯ ಫೋಟೋ ಆಯಿತು. ಬೆಳಗ್ಗೆ ಬರಿಹೊಟ್ಟೆಯಲ್ಲಿ, ಬಾಯಿ ಮುಕ್ಕಳಿಸಲು ಹೇಳಿ, ಆಳದ ಕಫವನ್ನು ನಾನೇ ಹಿಡಿದು ಕೊಟ್ಟೆ. ಅದರಲ್ಲಿ ರೋಗ ಮತ್ತೆ ಕಂಡಿತು. ಎಡಗಡೆಯ ಶ್ವಾಸಕೋಶದ ಮೇಲುಭಾಗ ಇನ್ನು ಮೊದಲಿನಂತಾಗದು ಎಂದರು. ಚಿಕಿತ್ಸೆ ಮೊದಲಿನಿಂದ. ಆ ಮಾತ್ರೆ ಇನ್ನೂ ಕೆಲಸ ಮಾಡುತ್ತದೋ, ರೋಗ ಅದನ್ನೂ ಅರಗಿಸಿಕೊಂಡಿದೆಯೋ ಎಂದು ತಿಳಿಯಲು ದೊಡ್ಡ ಪರೀಕ್ಷೆಗೆ ಕಳಿಸಿದ್ದಾರೆ. ಇದನ್ನು ಬರೆಯುವ ಹೊತ್ತಿಗೂ ಅದರ ಫಲ ಬಂದಿಲ್ಲ. ಕೂಸಿಗೆ ರೋಗ ತಗುಲಿಲ್ಲ, ಬಾರದ ಹಾಗೆ ಮಾತ್ರೆ ಕೊಟ್ಟಿದ್ದಾರೆ. ಗುಂಪಿನ ಜಾಡು ಹಿಡಿದು ಉಳಿದವರ ಕಫ ಪರೀಕ್ಷೆ ಮಾಡಿಸಲು ಮೇಲ್ವಿಚಾರಕರು ಹಾಸನದವರಿಗೆ ತಿಳಿಸಿದರು. ಯಾರಿಗೆ ಬಂದಿದೆಯೋ, ನಾನು ಕೇಳಲಿಲ್ಲ. ಕೇಳಲು ಧೈರ್ಯವಿಲ್ಲ.

ಸೊಸೆ ಈಗ ಹಾಡಿಯಲ್ಲಿದ್ದಾಳೆ. ಗಂಡ ಶುಂಠಿ ಮುಗಿದ ಮೇಲೆ ಬಂದ. ನನ್ನನ್ನು ಮಾತಾಡಿಸುವುದಿಲ್ಲ, ಆದರೆ ನಾನು ಹೋದಾಗ ಚಾಪೆ ಹಾಕುತ್ತಾನೆ. ಜೀಪು ಬರಲಿಲ್ಲ, ಆಹಾರದ ಚೀಲವೂ ಬರಲಿಲ್ಲ. ಆ ದೇಶದವರು ಮತ್ತೆ ಶುರುಮಾಡುತ್ತಾರೆ ಎಂದು ಒಮ್ಮೆ, ಇಲ್ಲವೇ ಇಲ್ಲ ಎಂದು ಒಮ್ಮೆ ಸುದ್ದಿ ಬರುತ್ತದೆ. ನಾನು ಕಾಯುವುದನ್ನು ಬಿಟ್ಟಿದ್ದೇನೆ.

ಸೊಸೆಯನ್ನು ಹಾಡಿಗೆ ಕರೆತಂದ ಮೊದಲ ದಿನವೇ ಮನೆಮನೆಗೆ ಹೋಗಿ ಕಟ್ಟಳೆ ಬದಲಿಸಿದೆ. ನಾನು ಬರದಿದ್ದರೂ ನುಂಗಬೇಕು, ಮನೆಯ ದೊಡ್ಡವರು ನೋಡಬೇಕು ಎಂದೆ. ಅತ್ತೆಗೆ ಎಲ್ಲವನ್ನೂ ಕಲಿಸಿದೆ. ಏನು ಕೇಳಬೇಕು, ನಾಲಿಗೆ ಹೇಗೆ ಎತ್ತಿಸಬೇಕು, ಯಾವ ಲಕ್ಷಣ ಕಂಡರೆ ಫೋನು ಮಾಡಬೇಕು. ಚೆನ್ನಾಗಿ ಕಲಿತಳು. ನನ್ನ ಮೊಣಕಾಲು ಹೇಳಿದ ಮಾತು ಕೇಳುತ್ತಿಲ್ಲ, ಎಷ್ಟು ದಿನ ಓಡಾಡುತ್ತೇನೋ. ಅದಕ್ಕೇ ಒಂದು ಬೆಳಗ್ಗೆ ದೇವರ ಗೂಡಿನಲ್ಲಿದ್ದ ಆ ಅಡಿಕೆಯನ್ನು ತೆಗೆದುಕೊಂಡು ಹೋದೆ. ಹೊಸ ಎಲೆ ಎರಡು ಇಟ್ಟು, ಯಜಮಾನನ ಎದುರಿಗೆ ಅವಳ ಕಡೆ ಚಾಚಿದೆ. ಇನ್ನು ಇದು ನಿನ್ನದು ಎಂದೆ.

ಅವಳು ಡಬ್ಬಿಯನ್ನು ತೆಗೆದುಕೊಂಡಳು. ವೀಳ್ಯ ಮುಟ್ಟಲಿಲ್ಲ.

"ನೋಡ್ಕಳದು ನಾನ್ ನೋಡ್ಕತೀನಿ. ಇದ್ನ ಮಾತ್ರ ನಾನ್ ಇಸ್ಕಳಕ್ಕಿಲ್ಲ ಕಣವ್ವ. ನೀವೂ ಕೈ ಬದ್ಲಾಯಿಸ್ಬುಟ್ರೆ, ನಾವ್ ಯಾರ್ನ ಕೇಳದು?"

ಯಜಮಾನ ಕಾಡಿನ ಕಡೆ ನೋಡುತ್ತಿದ್ದ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅಡಿಕೆ ಮತ್ತೆ ದೇವರ ಗೂಡಿನಲ್ಲಿದೆ.

ಬೆಳಗ್ಗೆ ಎಲ್ಲಿಗೆ ಹೋಗುತ್ತೀಯ ಎಂದು ಕೇಳಿದ್ದಿರಿ. ಅಲ್ಲಿಗೇ. ದಿನವೂ ಆಗುವುದಿಲ್ಲ, ಆದ ದಿನ ಹೋಗುತ್ತೇನೆ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಗೆದ್ದಲು ಹಿಡಿಯಲು ಬಿಡಬೇಡಿ, ಅಡಿಕೆಯನ್ನು ಜೊತೆಗೇ ಇಡಿ. ನಾನಿಲ್ಲದ ಕಾಲಕ್ಕೆ ಆ ಹಾಡಿಯಿಂದ ಯಾರಾದರೂ ಹುಡುಕಿಕೊಂಡು ಬಂದು, ಎಲೆ ಹಿಡಿದವರ ಮನೆ ಇದೇನಾ ಎಂದು ಕೇಳಬಹುದು. ಹೌದು ಎನ್ನಿ. ಒಳಗೆ ಕರೆದು ಕೂರಿಸಿ.